ನಾಲ್ಕು ಸಾಲಿನ ಪೆಟ್ರೋಲು ಲೆಕ್ಕ

ಕಾರು ಓಡಿಸಲು ತಗಲುವ ಪೆಟ್ರೋಲಿನ ಖರ್ಚು ತಿಳಿಯಲು ಮೂರು ಸಂಖ್ಯೆ ಸಾಕು: ಹೋಗಬೇಕಾದ ದೂರ, ಕಾರು ಕೊಡುವ ಮೈಲೇಜು, ಲೀಟರಿನ ದರ. ದೂರವನ್ನು ಮೈಲೇಜಿನಿಂದ ಭಾಗಿಸಿದರೆ ಎಷ್ಟು ಲೀಟರ್ ಬೇಕೆಂಬುದು ಗೊತ್ತಾಗುತ್ತದೆ. ಅದನ್ನು ದರದಿಂದ ಗುಣಿಸಿದರೆ ರೂಪಾಯಿ ಬರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ 145 ಕಿಲೋಮೀಟರ್, ಕಾರಿನ ಮೈಲೇಜು 18, ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಂಡರೆ ಎಂಟು ಲೀಟರಿಗೆ ತುಸು ಮೇಲೆ, ಹಣದಲ್ಲಿ ಸುಮಾರು 830 ರೂಪಾಯಿ. ಪ್ರಾಥಮಿಕ ಶಾಲೆಯ ಮಕ್ಕಳು ಮಾಡಬಹುದಾದ ಲೆಕ್ಕ. ಪ್ರೋಗ್ರಾಮಿಂಗ್ ಕಲಿಸುವ ಮೇಷ್ಟರುಗಳಿಗೆ ಇದರ ಮೇಲೆ ವಿಶೇಷ ಪ್ರೀತಿ ಇರುವುದಕ್ಕೂ ಅದೇ ಕಾರಣ. ಗಣಿತದಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲವಾದ್ದರಿಂದ, ಉತ್ತರ ತಪ್ಪಿತೆಂದರೆ ದೋಷ ಎಲ್ಲಿದೆ ಎಂದು ಹುಡುಕುವುದು ಸುಲಭ ಎಂದು ಅವರ ಎಣಿಕೆ. ಅಷ್ಟು ಸುಲಭವೇನಲ್ಲ.

ಪೈಥಾನ್ ಭಾಷೆಯಲ್ಲಿ ಈ ಲೆಕ್ಕ ನಾಲ್ಕೇ ಸಾಲು. 2008ರಲ್ಲಿ ಬಂದ ಅದರ ಮೂರನೇ ಆವೃತ್ತಿಯಿಂದ ಈಚೆಗೆ ವೇರಿಯಬಲ್ಲುಗಳ ಹೆಸರನ್ನು ಕನ್ನಡದಲ್ಲೇ ಬರೆಯಬಹುದಾದ್ದರಿಂದ, ಕೆಳಗಿನದು ಇದ್ದಂತೆಯೇ ಓಡುತ್ತದೆ:

ದೂರ = 145
ಮೈಲೇಜು = 18
ದರ = 103
ವೆಚ್ಚ = ದೂರ / ಮೈಲೇಜು * ದರ

ಉತ್ತರವನ್ನು ಪರದೆಯ ಮೇಲೆ ತೋರಿಸುವ ಪ್ರಿಂಟ್ ಮುಂತಾದ ಆದೇಶಗಳು ಮಾತ್ರ ಇಂಗ್ಲಿಷ್ ಲಿಪಿಯಲ್ಲೇ ಇರಬೇಕು. ಹೆಸರು ಇಡುವಾಗ ಕನ್ನಡಕ್ಕೇ ವಿಶೇಷವಾದ ಒಂದು ಕಿರಿಕಿರಿಯೂ ಇದೆ. ‘ದರ’ದ ಬದಲು ‘ಲೀಟರ್‌ಬೆಲೆ’ ಎಂದು ಯಾರಾದರೂ ಬರೆದರೆ ಪೈಥಾನ್ ಮುನಿಸಿಕೊಳ್ಳುತ್ತದೆ. ರಕಾರ ಬಕಾರ ಸೇರಿ ಅರ್ಕಾವೊತ್ತು ಆಗದಿರಲಿ ಎಂದು ಟೈಪು ಮಾಡುವವರು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ತೂರಿಸಿರುತ್ತಾರೆ. ಹೆಸರಿನೊಳಗೆ ಅದು ನಿಷಿದ್ಧ. ಪರದೆಯ ಮೇಲೆ ಪದ ಅಚ್ಚುಕಟ್ಟಾಗಿ ಕಾಣುತ್ತಿರುತ್ತದೆ, ದೋಷವಿದೆ ಎಂಬ ಸಂದೇಶವೂ ಬರುತ್ತಿರುತ್ತದೆ. ನಡುವೆ ಒಂದು ಅಡಿಗೆರೆ ಹಾಕಿ ‘ಲೀಟರ್_ಬೆಲೆ’ ಎಂದರೆ ತಕರಾರಿಲ್ಲ.

ನಾಲ್ಕನೇ ಸಾಲಿನಲ್ಲಿ ಭಾಗಾಕಾರ, ಗುಣಾಕಾರ ಎರಡಕ್ಕೂ ಸಮಾನ ಮರ್ಯಾದೆ. ಎಡಗಡೆ ಇರುವುದು ಮೊದಲು ನಡೆಯುತ್ತದೆ. ಹಾಗಾಗಿ ಕಂಸ ಬೇಕಿಲ್ಲ. ಆದರೆ ಕಂಸ ಹಾಕಿದರೆ ಚೆಂದ ಎಂದುಕೊಂಡು ಯಾರಾದರೂ ಮೈಲೇಜು ಮತ್ತು ದರ ಎರಡನ್ನೂ ಒಂದೇ ಕಂಸದೊಳಗೆ ಕೂಡಿಸಿಬಿಟ್ಟರೆ, ಮೈಸೂರಿಗೆ ಹೋಗಲು ಎಂಟು ಪೈಸೆಯೂ ಬೇಡ ಎಂಬ ಉತ್ತರ ಬರುತ್ತದೆ. ಇಂಥ ತಪ್ಪಿನಿಂದ ಅಪಾಯ ಕಡಿಮೆ, ನೋಡಿದವರು ನಕ್ಕು ತಿದ್ದುತ್ತಾರೆ. ಉತ್ತರ ಸರಿಯಂತೆಯೇ ಕಾಣುವ ತಪ್ಪುಗಳದ್ದೇ ತೊಂದರೆ.

ಅಂಥವುಗಳಲ್ಲಿ ಹಳೆಯದು ಪೂರ್ಣಾಂಕ ಭಾಗಾಕಾರ. ಸಿ ಭಾಷೆಯಲ್ಲಿ ದೂರವೂ ಮೈಲೇಜೂ ಪೂರ್ಣಾಂಕಗಳೆಂದು ಘೋಷಿಸಿದ್ದರೆ, 145ನ್ನು 18ರಿಂದ ಭಾಗಿಸಿದಾಗ ಬರುವುದು 8. ಉಳಿದದ್ದನ್ನು ಅದು ಸದ್ದಿಲ್ಲದೆ ಬಿಸಾಡುತ್ತದೆ. ವೆಚ್ಚ 824 ರೂಪಾಯಿ ಎಂದು ಬರುತ್ತದೆ. ಆರು ರೂಪಾಯಿ ಕಡಿಮೆಯಾದದ್ದು ಯಾರ ಗಮನಕ್ಕೂ ಬರುವುದಿಲ್ಲ. ಅದೇ ಪ್ರೋಗ್ರಾಮಿಗೆ 15 ಕಿಲೋಮೀಟರ್ ಕೊಟ್ಟರೆ ಮಾತ್ರ ಬಣ್ಣ ಬಯಲು: 15ನ್ನು 18ರಿಂದ ಭಾಗಿಸಿದರೆ ಸೊನ್ನೆ, ಸೊನ್ನೆಯನ್ನು 103ರಿಂದ ಗುಣಿಸಿದರೂ ಸೊನ್ನೆ. ಪೈಥಾನಿನ ಎರಡನೇ ಆವೃತ್ತಿಯಲ್ಲೂ ಇದೇ ಕಥೆ. ಮೂರನೆಯದರಲ್ಲಿ ಈ ಚಾಳಿಯನ್ನು ಬಿಡಿಸಿ, ಓರೆಗೆರೆಗೆ ದಶಮಾಂಶ ಸಮೇತ ಭಾಗಿಸುವ ಅರ್ಥ ಕೊಟ್ಟರು.

ಇನ್ನೂ ಹಿಂದಕ್ಕೆ, 1957ರಲ್ಲಿ ಐಬಿಎಂನಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಹೊರತಂದ ಫೋರ್ಟ್ರಾನ್ ಭಾಷೆಗೆ ಹೋದರೆ, ಈ ಲೆಕ್ಕಕ್ಕೆಂದೇ ತೋಡಿದಂಥ ಹಳ್ಳವೊಂದು ಸಿಗುತ್ತದೆ. ಅದರಲ್ಲಿ ಹೆಸರಿನ ಮೊದಲ ಅಕ್ಷರವೇ ಸಂಖ್ಯೆಯ ಜಾತಿಯನ್ನು ನಿರ್ಧರಿಸುತ್ತಿತ್ತು. ‘ಐ’ನಿಂದ ‘ಎನ್’ವರೆಗಿನ ಇಂಗ್ಲಿಷ್ ಅಕ್ಷರದಿಂದ ಶುರುವಾದರೆ ಪೂರ್ಣಾಂಕ, ಉಳಿದದ್ದೆಲ್ಲ ದಶಮಾಂಶ. ಅಮೆರಿಕದವನೊಬ್ಬ ಸಹಜವಾಗಿ ದೂರಕ್ಕೆ ‘ಮೈಲ್ಸ್’ ಎಂದೂ ಮೈಲೇಜಿಗೆ ‘ಎಂಪಿಜಿ’ ಎಂದೂ ಹೆಸರಿಟ್ಟರೆ ಎರಡೂ ‘ಎಂ’ ಅಕ್ಷರದವು, ಎರಡೂ ಪೂರ್ಣಾಂಕ, ಭಾಗಾಕಾರದ ಉಳಿಕೆ ಕಸದ ಬುಟ್ಟಿಗೆ.

ಪ್ರತಿ ಪ್ರಯಾಣಕ್ಕೂ ಪ್ರೋಗ್ರಾಮನ್ನೇ ತಿದ್ದುತ್ತ ಕೂರುವುದು ಆಗದ ಮಾತು. ಸಂಖ್ಯೆಗಳನ್ನು ಬಳಸುವವರಿಂದಲೇ ಕೇಳಿ ಪಡೆಯಬೇಕು. ಇಲ್ಲಿ ಮೊದಲು ತಿಳಿಯಬೇಕಾದದ್ದು, ಕೀಲಿಮಣೆಯಿಂದ ಬರುವುದು ಸಂಖ್ಯೆಯಲ್ಲ, ಅಕ್ಷರಗಳ ಸಾಲು. 145 ಎಂದು ಒತ್ತಿದರೆ ಒಂದು, ನಾಲ್ಕು, ಐದು ಎಂಬ ಮೂರು ಚಿಹ್ನೆಗಳು ಬರುತ್ತವೆ; ಅವನ್ನು ಸಂಖ್ಯೆಯಾಗಿ ಪರಿವರ್ತಿಸುವಂತೆ ಬಾಯಿಬಿಟ್ಟು ಹೇಳಬೇಕು. ಕನ್ನಡ ಅಂಕಿಗಳಲ್ಲಿ ೧೪೫ ಎಂದು ಕೊಟ್ಟರೂ ಪೈಥಾನ್ ಯಾವ ತಗಾದೆಯೂ ಇಲ್ಲದೆ ಅದನ್ನು 145 ಎಂದೇ ಓದಿಕೊಳ್ಳುತ್ತದೆ. ಅಷ್ಟು ಉದಾರವಾದ ಭಾಷೆ 1,450 ಎಂದು ಅಲ್ಪವಿರಾಮ ಹಾಕಿದ ಕೂಡಲೇ ಕೈ ಚೆಲ್ಲಿ ಕೂರುತ್ತದೆ. ‘18 ಕಿ.ಮೀ.’ ಎಂದು ಬರೆದರೂ ಅಷ್ಟೆ. ಮೈಲೇಜಿನ ಜಾಗದಲ್ಲಿ ಸೊನ್ನೆ ಕೊಟ್ಟರೆ ಭಾಗಾಕಾರವೇ ನಡೆಯದೆ ಪ್ರೋಗ್ರಾಮು ನಿಂತುಹೋಗುತ್ತದೆ. ಋಣ ಸಂಖ್ಯೆ ಕೊಟ್ಟರೆ ಇನ್ನೂ ವಿಚಿತ್ರ: ಪ್ರಯಾಣ ಮಾಡಿದ್ದಕ್ಕೆ ಬಂಕಿನವರೇ ದುಡ್ಡು ಕೊಡಬೇಕು ಎಂಬ ಉತ್ತರ ಬರುತ್ತದೆ. ಹೀಗಾಗಿ ಮೂರೂ ಸಂಖ್ಯೆಗಳನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು, ಅವು ಸೊನ್ನೆಗಿಂತ ದೊಡ್ಡವೇ ಎಂದು ವಿಚಾರಿಸುವ ಎರಡು ಸಾಲು ಬೇಕಾಗುತ್ತದೆ. ದೂರಕ್ಕೆ ಮಾತ್ರ ಸೊನ್ನೆಯ ವಿನಾಯಿತಿ ಕೊಡಬಹುದು. ಮನೆಯಲ್ಲೇ ಇದ್ದವರಿಗೆ ಖರ್ಚಿಲ್ಲ.

ಇಷ್ಟು ಕಾವಲು ಹಾಕಿದರೂ ತಡೆಯಲಾಗದ ಒಂದು ತಪ್ಪಿದೆ. ಸಂಖ್ಯೆ ಸರಿಯಾಗಿರುತ್ತದೆ, ಅಳತೆ ಬೇರೆಯಾಗಿರುತ್ತದೆ. ಭಾರತದಲ್ಲಿ ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಎನ್ನುತ್ತಾರೆ. ಅಮೆರಿಕದಲ್ಲಿ ಗ್ಯಾಲನ್ನಿಗೆ ಎಷ್ಟು ಮೈಲಿ ಎನ್ನುತ್ತಾರೆ. ಅವರ ಗ್ಯಾಲನ್ನು 3.785 ಲೀಟರ್. ಬ್ರಿಟನ್ನಿನಲ್ಲೂ ಗ್ಯಾಲನ್ನಿಗೆ ಎಷ್ಟು ಮೈಲಿ ಎಂದೇ ಕೇಳುತ್ತಾರೆ, ಆದರೆ ಆ ಗ್ಯಾಲನ್ನು 4.546 ಲೀಟರ್. ಸಾಲದ್ದಕ್ಕೆ ಅಲ್ಲಿನ ಬಂಕುಗಳಲ್ಲಿ ಪೆಟ್ರೋಲನ್ನು ಮಾರುವುದು ಲೀಟರಿನಲ್ಲಿ. ‘ನಲವತ್ತು ಕೊಡುತ್ತೆ’ ಎಂದು ನ್ಯೂಜೆರ್ಸಿಯ ಕನ್ನಡಿಗರೊಬ್ಬರು ಹೇಳಿದರೆ ಊರಿನ ಲೆಕ್ಕದಲ್ಲಿ ಅದು 17. ಲಂಡನ್ನಿನವರು ಅದೇ ನಲವತ್ತು ಹೇಳಿದರೆ 14ರ ಆಸುಪಾಸು. ಯುರೋಪಿನ ಉಳಿದ ಹೆಚ್ಚಿನ ದೇಶಗಳಲ್ಲಿ ಮಾತೇ ತಲೆಕೆಳಗು. ಅಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಕುಡಿಯುತ್ತದೆ ಎನ್ನುವುದು ರೂಢಿ. 5.5 ಎಂದರೆ ಅಲ್ಲಿ ಒಳ್ಳೆಯ ಕಾರು. ಅದನ್ನೇ ಇಲ್ಲಿಯ ಪ್ರೋಗ್ರಾಮಿಗೆ ಮೈಲೇಜೆಂದು ಉಣಿಸಿದರೆ ಲಾರಿಯ ಖರ್ಚು ಬರುತ್ತದೆ.

ಇಂಥ ಗೊಂದಲ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಇಂಧನದ್ದೇ ಒಂದು ಪ್ರಸಿದ್ಧ ಪ್ರಕರಣವಿದೆ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಒಟ್ಟಾವ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಟಿತ್ತು. ಇಂಧನದ ಮಾಪಕ ಕೆಟ್ಟಿದ್ದರಿಂದ ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಕಡ್ಡಿ ಅದ್ದಿ ನೋಡಿ, ಕೈಯಲ್ಲೇ ಲೆಕ್ಕ ಹಾಕಿದರು. ಬೇಕಾಗಿದ್ದದ್ದು 22,300 ಕಿಲೋಗ್ರಾಂ. ಇದ್ದದ್ದು 7,682 ಲೀಟರ್. ಲೀಟರನ್ನು ತೂಕಕ್ಕೆ ತಿರುಗಿಸಲು 1.77ರಿಂದ ಗುಣಿಸಿದರು. ಅದು ಪೌಂಡಿನ ಗುಣಕ, ಕಿಲೋಗ್ರಾಮಿಗೆ 0.803 ಬಳಸಬೇಕಿತ್ತು. ಕೆನಡಾ ಆಗಷ್ಟೇ ಮೆಟ್ರಿಕ್ ಪದ್ಧತಿಗೆ ಹೊರಳುತ್ತಿದ್ದ ಕಾಲ, ಆ ಕಂಪನಿಗೆ ಕಿಲೋಗ್ರಾಮಿನ ಲೆಕ್ಕದ ವಿಮಾನ ಹೊಸತು. ಗುಣಾಕಾರ, ವ್ಯವಕಲನ, ಭಾಗಾಕಾರ ಎಲ್ಲವೂ ಸರಿಯಾಗಿಯೇ ನಡೆದವು. ವಿಮಾನ ಬೇಕಾದದ್ದರ ಅರ್ಧಕ್ಕಿಂತಲೂ ಕಡಿಮೆ ಇಂಧನ ಹೊತ್ತು ಮೇಲೇರಿತು. 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ತೀರುತ್ತ ಬಂದು, ಎಂಜಿನ್ನುಗಳು ಒಂದಾದ ಮೇಲೊಂದು ಆರಿದವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಗ್ಲೈಡರ್ ಹಾರಿಸಿ ಪಳಗಿದವರಾಗಿದ್ದರಿಂದ ವಿಮಾನವನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಜನರಲ್ಲಿ ಒಬ್ಬರ ಜೀವಕ್ಕೂ ಅಪಾಯವಾಗಲಿಲ್ಲ.

ಕಾರಿನ ಪ್ರೋಗ್ರಾಮಿಗೆ ಇದರಿಂದ ಸಿಗುವ ಉಪಾಯ ಸರಳವಾದದ್ದು. ಅಳತೆಯನ್ನು ಹೆಸರಿನಲ್ಲೇ ಸೇರಿಸಿಬಿಡುವುದು: ‘ದೂರ’ ಎನ್ನುವ ಬದಲು ‘ದೂರ_ಕಿಮೀ’, ‘ದರ’ ಎನ್ನುವ ಬದಲು ‘ದರ_ರೂ_ಲೀ’. ಮೈಲಿ, ಗ್ಯಾಲನ್ನುಗಳು ಬಂದರೆ ಬಾಗಿಲಲ್ಲೇ ಬದಲಿಸಿ ಒಳಗೆ ಕರೆದುಕೊಳ್ಳುವುದು. ಒಳಗಿನ ಲೆಕ್ಕವೆಲ್ಲ ಒಂದೇ ಅಳತೆಯಲ್ಲಿ ನಡೆಯಬೇಕು.

ಮೂರು ಸಂಖ್ಯೆಗಳಲ್ಲಿ ದೂರವನ್ನು ಓಡೋಮೀಟರ್ ಹೇಳುತ್ತದೆ, ದರವನ್ನು ಬಂಕಿನ ಬೋರ್ಡು ಹೇಳುತ್ತದೆ. ಮೈಲೇಜನ್ನು ಹೇಳುವವರು ಬಹಳ ಜನ, ಒಬ್ಬೊಬ್ಬರದು ಒಂದೊಂದು ಅಂಕಿ. ಶೋರೂಮಿನವರು ಹೇಳುವುದು ಪ್ರಯೋಗಾಲಯದ ಅಂಕಿ. ಪುಣೆಯ ಎಆರ್‌ಎಐಯಂಥ ಸಂಸ್ಥೆಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗದ ಪಟ್ಟಿಯಂತೆ ಓಡಿಸಿ ಅಳೆದದ್ದು ಅದು. ಅಲ್ಲಿ ಹಂಪಿಲ್ಲ, ಗುಂಡಿಯಿಲ್ಲ, ಅಡ್ಡ ಬರುವ ಆಟೋ ಇಲ್ಲ, ಹಿಂದಿನ ಸೀಟಿನಲ್ಲಿ ಅತ್ತೆ-ಮಾವ ಇಲ್ಲ. ಕಾರುಗಳನ್ನು ಒಂದಕ್ಕೊಂದು ಹೋಲಿಸಲು ಆ ಅಂಕಿ ಯೋಗ್ಯ, ಖರ್ಚು ಹಾಕಲು ಅಷ್ಟು ಯೋಗ್ಯವಲ್ಲ. ಇನ್ನು ಕಾರಿನ ಯಜಮಾನರು ಹೇಳುವ ಅಂಕಿ. ಕೊಂಡ ಹೊಸದರಲ್ಲಿ ಅದು ಶೋರೂಮಿನದಕ್ಕಿಂತ ಹೆಚ್ಚಿರುತ್ತದೆ, ಮಾರುವಾಗ ಇನ್ನೂ ಹೆಚ್ಚುತ್ತದೆ.

ನಂಬಬಹುದಾದ ದಾರಿ ಫುಲ್ ಟ್ಯಾಂಕ್ ಪದ್ಧತಿ. ಬಂಕಿನಲ್ಲಿ ಪಂಪು ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತರಬೇಕು. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತೋ ಅಷ್ಟು ಖರ್ಚಾಗಿದೆ. ಟ್ರಿಪ್ ಮೀಟರಿನಲ್ಲಿ 432 ಕಿಲೋಮೀಟರ್, ಬಿಲ್ಲಿನಲ್ಲಿ 27.3 ಲೀಟರ್ ಇದ್ದರೆ ಮೈಲೇಜು 15.8. ಪಂಪು ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಲು ಇನ್ನಷ್ಟು ಒತ್ತುವ ಹುಡುಗನನ್ನು ಅಲ್ಲಿಗೇ ನಿಲ್ಲಿಸಬೇಕು. ಆ ಹನಿಗಳೇ ಲೆಕ್ಕ ಕೆಡಿಸುವುದು. ಐನೂರು ರೂಪಾಯಿಗೆ, ಸಾವಿರ ರೂಪಾಯಿಗೆ ಹಾಕಿಸಿಕೊಳ್ಳುವವರಿಗೆ ಈ ವಿಧಾನ ದಕ್ಕುವುದಿಲ್ಲ.

ಹಲವು ಸಲದ ಮೈಲೇಜುಗಳ ಸರಾಸರಿ ತೆಗೆಯುವಾಗ ಇನ್ನೊಂದು ಬಲೆ ಕಾದಿರುತ್ತದೆ. ಶಿರಾಡಿ ಘಾಟಿಯಂಥ ದಾರಿಯಲ್ಲಿ 60 ಕಿಲೋಮೀಟರ್ ಹತ್ತುವಾಗ 12, ಅಷ್ಟೇ ದೂರ ಇಳಿಯುವಾಗ 20 ಬಂತು ಎನ್ನೋಣ. ಸರಾಸರಿ 16 ಎನ್ನಲು ನಾಲಿಗೆ ತುದಿಗಾಲಲ್ಲಿ ನಿಂತಿರುತ್ತದೆ. ಹತ್ತಲು 5 ಲೀಟರ್, ಇಳಿಯಲು 3 ಲೀಟರ್, ಒಟ್ಟು 8 ಲೀಟರಿಗೆ 120 ಕಿಲೋಮೀಟರ್; ಅಂದರೆ 15. ಮೈಲೇಜುಗಳನ್ನು ಕೂಡಿ ಭಾಗಿಸುವುದು ತಪ್ಪು; ಕಿಲೋಮೀಟರುಗಳನ್ನು ಬೇರೆ ಕೂಡಿ, ಲೀಟರುಗಳನ್ನು ಬೇರೆ ಕೂಡಿ, ಆಮೇಲೆ ಭಾಗಿಸಬೇಕು.

ಮೈಲೇಜು ಎನ್ನುವ ಅಂಕಿಯೇ ಮನಸ್ಸನ್ನು ಹೀಗೆ ದಾರಿ ತಪ್ಪಿಸುತ್ತದೆ ಎಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಲೀಟರಿಗೆ 10 ಕೊಡುವ ಹಳೆಯ ಜೀಪಿನ ಬದಲು 12 ಕೊಡುವುದನ್ನು ಕೊಂಡರೆ ಹತ್ತು ಸಾವಿರ ಕಿಲೋಮೀಟರಿಗೆ 167 ಲೀಟರ್ ಉಳಿತಾಯ. 20 ಕೊಡುವ ಕಾರಿನ ಬದಲು 25 ಕೊಡುವುದನ್ನು ಕೊಂಡರೆ 100 ಲೀಟರ್ ಮಾತ್ರ. ಕೇಳಿದವರಲ್ಲಿ ಹೆಚ್ಚಿನವರು ಎರಡನೆಯದೇ ಲಾಭವೆನ್ನುತ್ತಾರೆ. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಕೇಳುವ ಯುರೋಪಿನವರ ಪದ್ಧತಿ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ.

ಘಟ್ಟದ ವಿಚಾರ ಬಂದದ್ದರಿಂದ, ಎತ್ತರಕ್ಕೆ ತೆರುವ ಬೆಲೆಯನ್ನೂ ನೋಡಬಹುದು. ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ಬೆಂಗಳೂರು ಅದಕ್ಕಿಂತ ಸುಮಾರು 900 ಮೀಟರ್ ಮೇಲೆ. 1,200 ಕಿಲೋ ತೂಕದ ಕಾರನ್ನು ಅಷ್ಟು ಎತ್ತಲು ಒಂದು ಕೋಟಿ ಜೌಲ್‌ಗೆ ತುಸು ಮೇಲ್ಪಟ್ಟು ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಮೂರು ಕೋಟಿ ಜೌಲ್‌ಗಿಂತ ಸ್ವಲ್ಪ ಹೆಚ್ಚೇ ಇದ್ದರೂ ಚಕ್ರಕ್ಕೆ ತಲುಪುವುದು ಅದರ ಕಾಲು ಭಾಗದಷ್ಟು. ಉಳಿದದ್ದು ರೇಡಿಯೇಟರಿನಲ್ಲಿ, ಸೈಲೆನ್ಸರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಮಂಗಳೂರಿನಿಂದ ವಾಪಸು ಬರುವಾಗ ಎತ್ತರದ ಬಾಬ್ತು ಒಂದೂಕಾಲು ಲೀಟರಿನಷ್ಟು, ಅಂದರೆ ನೂರಮೂವತ್ತು ರೂಪಾಯಿಯ ಆಸುಪಾಸು, ಹೆಚ್ಚುವರಿ. ಹೋಗುವಾಗ ಇಳಿದದ್ದರಲ್ಲಿ ಇದರ ಒಂದು ಪಾಲು ಸಿಕ್ಕಿರುತ್ತದೆ. ಉಳಿದ ಪಾಲನ್ನು ಬ್ರೇಕು ತಿಂದಿರುತ್ತದೆ.

ಊರೊಳಗಿನ ಖರ್ಚಿಗೆ ದೂರದ ಹಂಗೇ ಇಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಂಜಿನ್ ಚಾಲೂ ಇಟ್ಟು ನಿಂತ ಕಾರು ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಸುಡುತ್ತಿರುತ್ತದೆ. ಕಿಲೋಮೀಟರ್ ಮಾತ್ರ ಸೊನ್ನೆ. ಪ್ರೋಗ್ರಾಮಿನಲ್ಲಿ ಇದಕ್ಕೊಂದು ಪದ ಸೇರಿಸುವುದು ಕಷ್ಟವಲ್ಲ. ದೂರವನ್ನು ಮೈಲೇಜಿನಿಂದ ಭಾಗಿಸಿ ಬಂದ ಲೀಟರಿಗೆ, ಜಾಮಿನಲ್ಲಿ ನಿಂತ ಗಂಟೆಯನ್ನು 0.8ರಿಂದ ಗುಣಿಸಿ ಕೂಡಿಸಿ, ಆಮೇಲೆ ಒಟ್ಟನ್ನು ದರದಿಂದ ಗುಣಿಸುವುದು. ಇಲ್ಲಿ ಕಂಸ ಕಡ್ಡಾಯ. ಆದರೆ ಒಂದು ಎಚ್ಚರ: ಫುಲ್ ಟ್ಯಾಂಕ್ ಪದ್ಧತಿಯಿಂದ ಊರೊಳಗೇ ಅಳೆದ ಮೈಲೇಜಿನಲ್ಲಿ ಜಾಮು ಆಗಲೇ ಸೇರಿಹೋಗಿರುತ್ತದೆ. ಅದನ್ನು ಮತ್ತೆ ಕೂಡಿಸಿದರೆ ಒಂದೇ ಜಾಮಿಗೆ ಎರಡು ಸಲ ದಂಡ ತೆತ್ತಂತೆ.

ಪೆಟ್ರೋಲೂ ಮೊದಲಿನದಲ್ಲ. ಶೇಕಡ 20 ಎಥೆನಾಲ್ ಬೆರೆಸಿದ ಪೆಟ್ರೋಲು 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಾಮಾನ್ಯವಾಯಿತು. ಎಥೆನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ ಶಕ್ತಿ. ಬರೀ ಶಕ್ತಿಯ ಲೆಕ್ಕದಲ್ಲಿ ಬೆರಕೆಯ ಲೀಟರು ಶುದ್ಧ ಪೆಟ್ರೋಲಿಗಿಂತ ಶೇಕಡ 7ರಷ್ಟು ಕಡಿಮೆ ಬೀಳುತ್ತದೆ. ಬೆರಕೆಗೆಂದೇ ಹೊಂದಿಸಿದ ಎಂಜಿನ್ನುಗಳಲ್ಲಿ ನಷ್ಟ ಇದಕ್ಕಿಂತ ಕಡಿಮೆ. ಐದು ವರ್ಷದ ಹಿಂದೆ ಡೈರಿಯಲ್ಲಿ ಬರೆದಿಟ್ಟ ಮೈಲೇಜನ್ನು ಈಗಿನ ಪ್ರೋಗ್ರಾಮಿಗೆ ಕೊಡಬಾರದು.

ದರದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 2017ರ ಜೂನ್ 16ರಿಂದ ದೇಶದಾದ್ಯಂತ ಪೆಟ್ರೋಲ್, ಡೀಸೆಲ್ ದರ ದಿನವೂ ಬದಲಾಗಬಹುದು ಎಂಬ ವ್ಯವಸ್ಥೆ ಬಂತು. 2022ರ ನಂತರ ಅದು ತಿಂಗಳುಗಟ್ಟಲೆ ಅಲುಗಾಡದೆ ನಿಂತದ್ದೂ ಉಂಟು. ಜಿಎಸ್‌ಟಿಯ ಹೊರಗಿರುವುದರಿಂದ ರಾಜ್ಯದಿಂದ ರಾಜ್ಯಕ್ಕೆ ತೆರಿಗೆ ಬೇರೆ; 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡ 25.92ರಿಂದ 29.84ಕ್ಕೆ ಏರಿಸಿದಾಗ ಲೀಟರಿಗೆ ಮೂರು ರೂಪಾಯಿ ಜಾಸ್ತಿಯಾಯಿತು. 103 ಎಂಬ ಅಂಕಿಯನ್ನು ಪ್ರೋಗ್ರಾಮಿನೊಳಗೆ ಕೆತ್ತಿಡದೆ ಪ್ರತಿ ಸಲ ಕೇಳಿ ಪಡೆಯುವುದು ಲೇಸು.

ಉತ್ತರವನ್ನು ತೋರಿಸುವಾಗ ಪರದೆಯ ಮೇಲೆ 829.7222 ಎಂದು ಎರಡುಗಳ ಮೆರವಣಿಗೆಯೇ ಹೊರಡುತ್ತದೆ. ದಶಮಾಂಶದ ನಂತರ ಎರಡೇ ಸ್ಥಾನ ಸಾಕು ಎಂದು ಹೇಳಬೇಕು. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ಮುಗಿದಿರುವಾಗ, ನಿಜವಾಗಿ ನೋಡಿದರೆ ಆ ಎರಡೂ ಅಲಂಕಾರಕ್ಕೆ. ಅಮೆರಿಕದ ಬಂಕುಗಳು ಗ್ಯಾಲನ್ನಿನ ದರದ ತುದಿಗೆ ಸೆಂಟಿನ ಹತ್ತನೇ ಒಂಬತ್ತು ಪಾಲನ್ನು ಇಂದಿಗೂ ಅಂಟಿಸುತ್ತವೆ. ಅಲ್ಲಿ ದರಕ್ಕೆ ಮೂರು ಸ್ಥಾನ ಬೇಕೇ ಬೇಕು. ರೂಪಾಯಿಗೆ ಸರಿ ಮಾಡಲು ಪೈಥಾನಿನ ರೌಂಡ್ ಆದೇಶವನ್ನು ಬಳಸುವವರು ಅದರ ಒಂದು ಗುಣ ತಿಳಿದಿರಬೇಕು. ಸರಿಯಾಗಿ ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಯ ಕಡೆಗೆ ವಾಲುತ್ತದೆ: 207.5 ಇದ್ದದ್ದು 208 ಆಗುತ್ತದೆ, 206.5 ಇದ್ದದ್ದು 206 ಆಗುತ್ತದೆ. ನಾಲ್ವರು ಸೇರಿ ಮೈಸೂರಿಗೆ ಹೋಗಿ 830 ರೂಪಾಯಿಯನ್ನು ಹಂಚಿಕೊಂಡರೆ ತಲಾ 208, ಒಟ್ಟು 832. ಆ ಎರಡು ರೂಪಾಯಿ ಯಾರಿಗೆ ಸೇರಬೇಕು, ಕಾರಿನ ಯಜಮಾನನನ್ನು ನಾಲ್ವರಲ್ಲಿ ಎಣಿಸಬೇಕೇ ಎಂಬ ಪ್ರಶ್ನೆಗಳು ಪ್ರೋಗ್ರಾಮಿನ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟಾದ ಮೇಲೆ ಲೆಕ್ಕವನ್ನು ಒಂದು ಫಂಕ್ಷನ್ನಿನೊಳಗೆ ಕಟ್ಟಿ, ಮೂರು ಸಂಖ್ಯೆ ಕೊಟ್ಟರೆ ಒಂದನ್ನು ಹಿಂತಿರುಗಿಸುವಂತೆ ಮಾಡಿಡಬಹುದು. ಪರೀಕ್ಷಿಸಲು ಬಾಯಲ್ಲೇ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಕೊಡಬೇಕು. ದೂರ ಸೊನ್ನೆಯಾದರೆ ವೆಚ್ಚ ಸೊನ್ನೆ. ದೂರವೂ ಮೈಲೇಜೂ ಒಂದೇ ಆದರೆ ಬರುವುದು ಒಂದು ಲೀಟರಿನ ದರ. ದೂರ ಇಮ್ಮಡಿಯಾದರೆ ವೆಚ್ಚವೂ ಇಮ್ಮಡಿ, ಮೈಲೇಜು ಇಮ್ಮಡಿಯಾದರೆ ಅರ್ಧ. ಮೈಲೇಜಿಗಿಂತ ಕಡಿಮೆ ದೂರವನ್ನೂ ಒಮ್ಮೆ ಕೊಟ್ಟು ನೋಡಬೇಕು. ಪೂರ್ಣಾಂಕದ ಕಳ್ಳ ಸಿಕ್ಕಿಬೀಳುವುದು ಅಲ್ಲೇ.

ಸಿಎನ್‌ಜಿ ಗಾಡಿಗೆ ಲೀಟರಿನ ಜಾಗದಲ್ಲಿ ಕಿಲೋ, ಎಲೆಕ್ಟ್ರಿಕ್ ಗಾಡಿಗೆ ಯೂನಿಟ್ ಎಂದು ಓದಿಕೊಂಡರೆ ಇದೇ ಫಂಕ್ಷನ್ ಒಂದಕ್ಷರವೂ ಬದಲಾಗದೆ ನಡೆಯುತ್ತದೆ. ಯೂನಿಟ್ಟಿಗೆ 7 ಕಿಲೋಮೀಟರ್ ಓಡುವ ಕಾರನ್ನು ಯೂನಿಟ್ಟಿಗೆ 6 ರೂಪಾಯಿಯಂತೆ ಮನೆಯಲ್ಲೇ ಚಾರ್ಜ್ ಮಾಡಿಕೊಂಡರೆ ಮೈಸೂರಿಗೆ 124 ರೂಪಾಯಿ. ಆದರೆ ಕಾರಿನ ಪರದೆ ತೋರಿಸುವ 7, ಬ್ಯಾಟರಿಯಿಂದ ಹೊರಟ ಯೂನಿಟ್ಟಿನದು. ಗೋಡೆಯಿಂದ ಬ್ಯಾಟರಿಗೆ ಹೋಗುವ ದಾರಿಯಲ್ಲಿ ಸುಮಾರು ಶೇಕಡ ಹತ್ತರಷ್ಟು ಸೋರಿಹೋಗುತ್ತದೆ. ಬಿಲ್ಲು ಬರುವುದು ಗೋಡೆಯ ಮೀಟರಿನಲ್ಲಿ ಓಡಿದ್ದಕ್ಕಾದ್ದರಿಂದ, ಮೈಲೇಜನ್ನು ಅಳೆಯಬೇಕಾದದ್ದೂ ಅಲ್ಲಿಯೇ.